ಮನೆಯಲ್ಲೇ ಓದುವ ಮಕ್ಕಳ ಚಿತ್ರಕಲೆ: ಮಾಡಬೇಕಾದ್ದು, ಮಾಡಬಾರದ್ದು

ಕೊಯಮತ್ತೂರಿನ ಪೀಳಮೇಡು ಮತ್ತು ಸುತ್ತಲಿನ ಕನ್ನಡ ಮನೆಗಳಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ತಾವೇ ಓದಿಸುತ್ತಿರುವ ತಂದೆತಾಯಿಗಳ ಗಮನಕ್ಕೆ.

ಮನೆಯಲ್ಲಿ ಕಲಿಸುವವರೂ ನೀವೇ, ತಪ್ಪು ಹಿಡಿಯುವವರೂ ನೀವೇ. ನೀವು ಮುಖ ಸಿಂಡರಿಸಿದರೆ ಮಗು ಓಡಿಹೋಗಿ ತೋರಿಸಲು ಇನ್ನೊಬ್ಬ ಮೇಷ್ಟ್ರಿಲ್ಲ. ಒಂಬತ್ತು ಹತ್ತರ ವಯಸ್ಸಿನಲ್ಲಿ "ನನಗೆ ಬರೋಲ್ಲ" ಎಂದು ಪೆನ್ಸಿಲ್ ಕೆಳಗಿಟ್ಟ ಮಕ್ಕಳಲ್ಲಿ ಹಲವರು ಅದನ್ನು ಮತ್ತೆ ಎತ್ತುವುದಿಲ್ಲ.

ಮಾಡಬೇಕಾದ್ದು

• ದಿನಕ್ಕೆ ಅರ್ಧ ಗಂಟೆ ಚಿತ್ರಕ್ಕೆಂದೇ ಮೀಸಲಿಡಿ.

• ಮೊದಲು ನೋಡಿಸಿ, ಆಮೇಲೆ ಬರೆಸಿ.

• ಅವಿನಾಶಿ ರಸ್ತೆಯ ಕಸ್ತೂರಿ ಶ್ರೀನಿವಾಸನ್ ಕಲಾ ಗ್ಯಾಲರಿಗೆ ಕರೆದೊಯ್ಯಿರಿ. ಒಂದು ಭೇಟಿಗೆ ಒಂದೇ ಚಿತ್ರ. ಅದರ ಮುಂದೆ ಹತ್ತು ನಿಮಿಷ ನಿಲ್ಲಿ.

• ಮೂರೇ ಪ್ರಶ್ನೆ ಕೇಳಿ: ಏನು ಕಾಣ್ತಿದೆ? ಬೆಳಕು ಎಲ್ಲಿಂದ ಬಿದ್ದಿದೆ? ಬರೆದವರು ಏನನ್ನು ಬಿಟ್ಟಿದ್ದಾರೆ?

• ಉತ್ತರವನ್ನು ಮನೆಮಾತಿನಲ್ಲಿ ಹೇಳಿಸಿ. ಮನೆಯ ಕನ್ನಡದೊಳಗೆ ಬೀದಿಯ ತಮಿಳು ಬೆರೆತು ಬಂದರೂ ಬರಲಿ, ತಡೆಯಬೇಡಿ.

• ಮಗ್ಗ ತೋರಿಸಿ. ಸಿರುಮುಗೈಯ ದೇವಾಂಗ ನೇಕಾರರ ಮನೆಮಾತೂ ಕನ್ನಡವೇ. ಮಗು ತಾನೇ ಮಾತಾಡಿಸಿ ಕೇಳಲಿ. ಉದ್ದದ ಹಾಸು ನೂಲು ಒಂದು ಬಣ್ಣದ್ದು, ಅಡ್ಡದ ಹೊಕ್ಕು ನೂಲು ಇನ್ನೊಂದು ಬಣ್ಣದ್ದು ಆದಾಗ ಬಟ್ಟೆ ಮೂರನೆಯ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಿಸಿಲಿಗೆ ಓರೆಯಾಗಿ ಹಿಡಿದು ತೋರಿಸಿ. ಬಣ್ಣದ ಬಗ್ಗೆ ಇದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲೂ ಇಲ್ಲ.

• ಪೇರೂರು ಪಟ್ಟೀಶ್ವರರ್ ಗುಡಿಯ ಕನಕಸಭೆಯಲ್ಲಿ ಒಂದೇ ಒಂದು ಕಂಬದ ಮೂರ್ತಿಯನ್ನು ಮಗು ಆರಿಸಿಕೊಳ್ಳಲಿ. ಎದುರಿನಿಂದ ನೋಡಿಸಿ, ಪಕ್ಕಕ್ಕೆ ಸರಿದು ಮತ್ತೆ ನೋಡಿಸಿ. ಮನೆಗೆ ಬಂದು ನೆನಪಿನಿಂದ ಬರೆಸಿ.

• ಧನುರ್ಮಾಸದಲ್ಲಿ ಬಾಗಿಲ ಮುಂದಿನ ರಂಗೋಲಿಯನ್ನು ಮಗುವಿನ ಕೈಗೆ ಬಿಡಿ. ಚುಕ್ಕಿ ತಪ್ಪಲಿ.

• ಪ್ರತಿ ಚಿತ್ರದ ಹಿಂದೆ ತಾರೀಕು ಹಾಕಿ, ಮಗು ಅದರ ಬಗ್ಗೆ ಹೇಳಿದ ಒಂದು ಮಾತನ್ನು ಇದ್ದಂತೆ ಬರೆದಿಡಿ.

• 14 ತುಂಬಿದ ಮೇಲೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆ ಕಟ್ಟಿಸುವುದಾದರೆ, ಚಿತ್ರಕಲೆ ಅಲ್ಲಿ ಪೂರ್ಣ ವಿಷಯ (ಸಂಖ್ಯೆ 225) ಎಂಬುದನ್ನು ಮಗುವಿಗೆ ತಿಳಿಸಿ.

ಮಾಡಬಾರದ್ದು

• ಮಗುವಿನ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ಬೇಡ. ತೋರಿಸಲೇಬೇಕಾದರೆ ನಿಮ್ಮದೇ ಹಾಳೆ ತೆಗೆದುಕೊಳ್ಳಿ.

• "ಇದೇನಿದು, ಆನೆಯಾ?" ಎಂಬ ಪ್ರಶ್ನೆ ಬೇಡ.

• ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು, ಪಕ್ಕದಲ್ಲಿ ತೆಂಗಿನ ಮರ: ಈ ಚಿತ್ರವನ್ನು ಹೇಳಿಕೊಡಬಾರದು. ಕಿಟಕಿಯಾಚೆ ಮಿಲ್ಲಿನ ಗೋಡೆಯೋ ವಿಮಾನವೋ ಕಾಣುತ್ತಿರುವಾಗ ಮಗು ಇದನ್ನೇ ಬರೆಯುತ್ತಿದ್ದರೆ ಅದು ನೋಡುವುದನ್ನು ನಿಲ್ಲಿಸಿದೆ ಎಂದರ್ಥ.

• ಅಚ್ಚಾದ ಗೆರೆಯೊಳಗೆ ಬಣ್ಣ ತುಂಬುವ ಪುಸ್ತಕ ಬೇಡ. ಮಕ್ಕಳ ಕಲೆಯನ್ನು ಆಳವಾಗಿ ಅಭ್ಯಸಿಸಿದ ವಿಕ್ಟರ್ ಲೊವೆನ್‌ಫೆಲ್ಡ್ 1947ರಲ್ಲೇ ಇದರ ವಿರುದ್ಧ ಎಚ್ಚರಿಸಿದ್ದರು.

• ಅಕ್ಕನ ಚಿತ್ರದ ಪಕ್ಕ ತಮ್ಮನ ಚಿತ್ರ ಇಟ್ಟು ಹೋಲಿಕೆ ಮಾಡಬಾರದು.

• ಅಂಕ ಬೇಡ. ಬಹುಮಾನವೂ ಬೇಡ.

• ಮಗುವನ್ನು ಕೇಳದೆ ಅದರ ಚಿತ್ರವನ್ನು ವಾಟ್ಸಾಪ್‌ನಲ್ಲಿ ನೆಂಟರಿಗೆ ಕಳಿಸಬಾರದು.

• ಲೆಕ್ಕ ತಪ್ಪಿತೆಂದು ಚಿತ್ರದ ಹೊತ್ತನ್ನು ಕಿತ್ತುಕೊಳ್ಳಬಾರದು.

ಮುಂದಿನವು ಮೈಗೂ ಜೀವಕ್ಕೂ ಸಂಬಂಧಿಸಿದವು. ಇವುಗಳಲ್ಲಿ ರಿಯಾಯಿತಿ ಇಲ್ಲ.

• ತಿರುಪ್ಪೂರಿನ ಡೈಯಿಂಗ್ ಘಟಕದಲ್ಲಿ ಉಳಿದ ಬಣ್ಣದ ಪುಡಿ, ಯಾರು ಕೊಟ್ಟರೂ, ಮನೆಯೊಳಗೆ ಬೇಡ. ರಿಯಾಕ್ಟಿವ್ ಡೈ ಧೂಳು ಉಸಿರಿನಲ್ಲಿ ಸೇರಿದರೆ ಉಬ್ಬಸ ತರಬಲ್ಲದು.

• ಅಟ್ಟದ ಮೇಲಿನ ಹಳೆಯ ಪೇಂಟ್ ಡಬ್ಬಿ ಬೇಡ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ನಿಮ್ಮ ಡಬ್ಬಿ ಅದಕ್ಕಿಂತ ಹಳೆಯದಿರಬಹುದು. ಮಗುವಿನ ಮಿದುಳಿಗೆ ಸೀಸ ಮಾಡಿದ ಹಾನಿ ಸರಿಹೋಗುವುದಿಲ್ಲ.

• ಮುಚ್ಚಿದ ಕೋಣೆಯಲ್ಲಿ ಟರ್ಪೆಂಟೈನ್, ತಿನ್ನರ್ ತೆರೆಯಬಾರದು.

• ಓಡುವ ಪವರ್‌ಲೂಮ್ ಪಕ್ಕ ಮಗುವನ್ನು ನಿಲ್ಲಿಸಬಾರದು. ಲಾಳಿ ಹಾರಿದರೆ ಕಣ್ಣು ಹೋಗುತ್ತದೆ.

ಇವತ್ತು ಮಗು ಬರೆದ ಚಿತ್ರ ಎಲ್ಲಿದೆ ಹುಡುಕಿ. ಹಿಂದೆ ತಾರೀಕು ಹಾಕಿ, ಮಗುವಿನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಗೋಡೆಗೆ ಅಂಟಿಸಿ.