ಹಾಡಿ ಬೋಳಿಸುವ ಮುಂಚೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮನೆ ಹಿಂದಿನ ಹಾಡಿಗೆ ಜೆಸಿಬಿ ಇಳಿಸಿ ಅಡಿಕೆಯನ್ನೋ ರಬ್ಬರನ್ನೋ ನೆಡುವ ಮುಂಚೆ ಒಂದು ಲೆಕ್ಕ ಹಾಕಿ ನೋಡಿ. ಆ ಹಾಡಿಯ ಮರದ ಪೊಟರೆ, ಒಣಗಿದ ಕೊಂಬೆ, ಮಣ್ಣಿನ ದರೆ ಎಲ್ಲವೂ ನಿಮ್ಮ ಬೆಳೆಗೆ ಪುಕ್ಕಟೆ ದುಡಿಯುವ ಕೀಟಗಳ ಮನೆ. ಬದನೆ ಹೂವನ್ನು ಹತ್ತಿರದಿಂದ ಗಮನಿಸಿ: ಪರಾಗವೆಲ್ಲ ಹಳದಿ ಕೇಸರದೊಳಗೆ, ತುದಿಯಲ್ಲಿ ಸಣ್ಣ ತೂತು. ಒಣಮರ ಕೊರೆದು ಗೂಡು ಮಾಡುವ ಕಪ್ಪು ದುಂಬಿ ಹೂವನ್ನು ಅಪ್ಪಿಹಿಡಿದು ಗುಂಯ್ಯೆಂದು ಮೈ ನಡುಗಿಸಿದರೆ ಪುಡಿ ಉದುರುತ್ತದೆ. ತುಡುವೆ ಜೇನಿಗೆ ಈ ವಿದ್ಯೆ ಬಾರದು. ಹಾಗಾಗಿ ಜೇನುಪೆಟ್ಟಿಗೆ ಇಟ್ಟರಾಯಿತು ಎನ್ನುವ ಮಾತು ಅರ್ಧ ಮಾತ್ರ ಸರಿ. 1991ರ ಬಳಿಕ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದಲ್ಲಿ ಅಸಂಖ್ಯ ತುಡುವೆ ಪೆಟ್ಟಿಗೆಗಳನ್ನು ಖಾಲಿ ಮಾಡಿದ್ದನ್ನು ಮರೆಯಬಾರದು. ಕೋಸ್ಟರಿಕಾದ ಕಾಫಿ ತೋಟದ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಡಿನಿಂದ ಸುಮಾರು 1 ಕಿ.ಮೀ. ಒಳಗಿನ ಗಿಡಗಳ ಇಳುವರಿ ಕಾಡುಜೇನುಗಳಿಂದಾಗಿ ಶೇ. 20ರಷ್ಟು ಹೆಚ್ಚಿತ್ತು.

ಭತ್ತ ತಾನಾಗಿಯೇ ಕಾಳು ಕಟ್ಟುತ್ತದಲ್ಲ, ಅದಕ್ಕೆ ಕೀಟ ಯಾಕೆ ಎನ್ನಬಹುದು. ಕಾಳು ಕಟ್ಟುವುದು ನಿಜ. ಆದರೆ ಕಾಂಡಕೊರಕದ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಪುಟಾಣಿ ಕಣಜಗಳಿಗೆ ಮಕರಂದ ಬೇಕು. ಕಟಾವಾದ ಬೈಲಿನಲ್ಲಿ ಅದು ಸಿಗುವುದು ಕಷ್ಟ, ಹಾಡಿಯಂಚಿನ ಕುಂಟಲದಂಥ ಮರಗಳಲ್ಲಿ ಸಿಗುತ್ತದೆ. ಹಾಡಿಯಿದ್ದರೆ ಹಂದಿ, ಮಂಗಗಳ ಕಾಟ ಎಂಬುದು ಸುಳ್ಳಲ್ಲ. ತುಂಡು ಜಾಗದವರಿಗೆ ಪೂರ್ತಿ ಬಿಡಿ ಎನ್ನುವುದೂ ನ್ಯಾಯವಲ್ಲ. ಕಡಿಯಲೇಬೇಕಾದರೆ ತೋಡಿನ ಬದಿಯನ್ನೂ ನಾಗಬನದ ಸುತ್ತಲನ್ನೂ ಬಿಡಿ, ಒಂದೆರಡು ಒಣಮರ ನಿಲ್ಲಲಿ, ಉಳಿದ ಅಂಚಿಗೆ ಕಳೆನಾಶಕ ಹೊಡೆಯಬೇಡಿ.