ಪಡೆಯದ ಸಾಲಕ್ಕೆ ಕಂತು ಕಟ್ಟಬೇಡಿ

ಪ್ರಶ್ನೆ: ಅಕ್ಕಾ, ನಾನು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯವಳು. ಎರಡು ಎಕರೆ ಜಮೀನಿದೆ. ಮಳೆ ನೋಡಿಕೊಂಡು ಚೆಂಡು ಹೂವು, ಹುರುಳಿ ಹಾಕುತ್ತೇವೆ. ಡೇರಿಗೆ ಹಾಲು ಹಾಕಿ ಸಂಸಾರ ನಡೆಸೋಣ ಎಂದು ಎರಡು ಹಸುವಿಗೆ ಬ್ಯಾಂಕಿನಲ್ಲಿ ಸಾಲ ಕೇಳಿದೆ. ಮ್ಯಾನೇಜರು ಕಂಪ್ಯೂಟರ್ ನೋಡಿ, ‘ನಿಮ್ಮ ಸಿಬಿಲ್‌ನಲ್ಲಿ ಎರಡು ಸಾಲ ಬಾಕಿ ಇದೆಯಮ್ಮ. ಒಂದು 50 ಸಾವಿರದ ಗುಂಪಿನ ಸಾಲ, ಇನ್ನೊಂದು ಮೊಬೈಲ್ ಆ್ಯಪ್ ಸಾಲ. ನಾವು ಕೊಡೋಕಾಗಲ್ಲ’ ಅಂದರು. ದೇವರಾಣೆಗೂ ನಾನು ಎರಡನ್ನೂ ತೆಗೆದುಕೊಂಡಿಲ್ಲ. ಎರಡು ವರ್ಷದ ಹಿಂದೆ ಸಬ್ಸಿಡಿ ಕೊಡಿಸುತ್ತೇನೆ ಅಂದವರೊಬ್ಬರಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೆ. ನಮ್ಮೂರಲ್ಲೇ ನನ್ನ ಹೆಸರಿನವರು ಇನ್ನೂ ಇಬ್ಬರಿದ್ದಾರೆ. ಯಜಮಾನರು ‘ನನಗೆ ಹೇಳದೆ ಎಲ್ಲಿ ಸಾಲ ಮಾಡಿದೆ?’ ಎಂದು ಕೇಳಿ ಮಾತು ಬಿಟ್ಟಿದ್ದಾರೆ. ಏಜೆಂಟೊಬ್ಬ ಎಂಟು ಸಾವಿರ ಕೊಟ್ಟರೆ ಸಿಬಿಲ್ ಕ್ಲಿಯರ್ ಮಾಡಿಸುತ್ತೇನೆ ಅನ್ನುತ್ತಾನೆ. ಓಲೆ ಅಡ ಇಟ್ಟು ಎಲ್ಲ ಕಟ್ಟಿಬಿಡಲೇ?

– ಹೆಸರು ಬೇಡ, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ತಂಗಿ, ಓಲೆ ಕಿವಿಯಲ್ಲೇ ಇರಲಿ. ನೀವು ಪಡೆಯದ ಸಾಲಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟಿದರೆ ಸಾಲ ನನ್ನದೇ ಎಂದು ಒಪ್ಪಿಕೊಂಡ ಹಾಗೆ ಕಾಣುತ್ತದೆ. ಅರ್ಧಕ್ಕೆ ರಾಜಿ ಮಾಡಿಕೊಂಡರಂತೂ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂದು ಬೀಳುತ್ತದೆ. ಪೂರ್ತಿ ತೀರಿಸಲಾಗದವರು ಎಂದೇ ಮುಂದಿನ ಬ್ಯಾಂಕಿನವರು ಅದನ್ನು ಓದುತ್ತಾರೆ.

ಏಜೆಂಟನಿಗೂ ದುಡ್ಡು ಕೊಡಬೇಡಿ. ತಪ್ಪು ತಿದ್ದಲು ಆಗುವುದು ಸಾಲ ಕೊಟ್ಟ ಸಂಸ್ಥೆ ಮತ್ತು ವರದಿ ಇಡುವ ಕಂಪನಿಯಿಂದ ಮಾತ್ರ. ಇಬ್ಬರಿಗೂ ದೂರು ಕೊಡಲು ಶುಲ್ಕವಿಲ್ಲ. ಆಧಾರ್ ಪ್ರತಿ, ಓಟಿಪಿ ಏಜೆಂಟನ ಕೈಗೆ ಹೋದರೆ ನಿಮ್ಮ ಹೆಸರಿನಲ್ಲಿ ಮೂರನೆಯ ಸಾಲವೂ ಹುಟ್ಟಬಹುದು.

ಇನ್ನೊಂದು ಮಾತು. ನಾಚಿಕೆಪಟ್ಟು ಸುಮ್ಮನಿರಬೇಡಿ. 2025ರ ಜನವರಿಯಲ್ಲಿ ಸಾಲದವರ ಕಾಟ ತಾಳದೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ನಮ್ಮ ಚಾಮರಾಜನಗರದ ಹಳ್ಳಿಗಳಿಂದಲೇ ಬಂತು. ಮರು ತಿಂಗಳು ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ಸಾಲ ಮಾಡಿದವರಿಗೇ ಅಷ್ಟು ರಕ್ಷಣೆ ಬೇಕೆಂದು ಸರ್ಕಾರಕ್ಕೆ ಅನ್ನಿಸಿರುವಾಗ, ಮಾಡದ ನೀವು ತಲೆ ತಗ್ಗಿಸುವ ಕಾರಣವೇ ಇಲ್ಲ.

ವರದಿಯನ್ನು ನೀವೇ ಓದಿ

ಊರಲ್ಲಿ ಎಲ್ಲದಕ್ಕೂ ‘ಸಿಬಿಲ್’ ಎನ್ನುತ್ತಾರೆ. ನಿಜಕ್ಕೆ ಇಂಥ ವರದಿ ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಸಿಆರ್‌ಐಎಫ್ ಹೈ ಮಾರ್ಕ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್. ಒಬ್ಬರ ಬಳಿ ಇರುವ ತಪ್ಪು ಇನ್ನೊಬ್ಬರ ಬಳಿ ಇಲ್ಲದಿರಬಹುದು. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮಗಳೋ ಅಳಿಯನೋ ಮೊಬೈಲ್ ಬಲ್ಲವರಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪನಿಯ ಸ್ವಂತ ವೆಬ್‌ಸೈಟಿನಿಂದಲೇ ತೆಗೆಯಿರಿ. ಮ್ಯಾನೇಜರು ನೋಡಿದ ವರದಿಯ ಪ್ರತಿಯನ್ನು ಅಲ್ಪ ಶುಲ್ಕ ಕೊಟ್ಟು ಬ್ಯಾಂಕಿನಿಂದ ಕೇಳಿ ಪಡೆಯುವ ಹಕ್ಕನ್ನು 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ ಕೊಟ್ಟಿದೆ.

ವರದಿ ಕೈಗೆ ಬಂದಾಗ 300ರಿಂದ 900ರೊಳಗಿನ ಆ ಅಂಕಿಯನ್ನು ಪಕ್ಕಕ್ಕಿಡಿ. ಮೊದಲು ವಿಳಾಸ ಮತ್ತು ಮೊಬೈಲ್ ಸಂಖ್ಯೆ ಇರುವ ಭಾಗ ನೋಡಿ. ನಿಮ್ಮದಲ್ಲದ ಸಂಖ್ಯೆ, ನೀವು ಕಾಣದ ಊರಿನ ವಿಳಾಸ ಅಲ್ಲಿದ್ದರೆ ಪೆನ್ನಿನಿಂದ ಸುತ್ತು ಹಾಕಿ. ಆಮೇಲೆ ಒಂದೊಂದು ಸಾಲದ ಖಾತೆ: ಕೊಟ್ಟವರು ಯಾರು, ತೆರೆದ ದಿನಾಂಕ ಯಾವುದು, ನಿಮ್ಮನ್ನು ಸಾಲಗಾರರೆಂದು ಬರೆದಿದ್ದಾರೋ ಜಾಮೀನುದಾರರೆಂದೋ. ಆ್ಯಪ್ ಸಾಲವಾದರೆ ಆ್ಯಪಿನ ಹೆಸರಿನ ಬದಲು ಅದರ ಹಿಂದಿರುವ ಹಣಕಾಸು ಕಂಪನಿಯ ಹೆಸರು ಕಾಣುತ್ತದೆ. ಕೆಳಗೆ ತಿಂಗಳಿಗೊಂದರಂತೆ ಮನೆಗಳಿರುತ್ತವೆ. ‘000’ ಎಂದಿದ್ದರೆ ಆ ತಿಂಗಳು ಬಾಕಿಯಿಲ್ಲ, ‘090’ ಎಂದಿದ್ದರೆ ಕಂತು 90 ದಿನ ತಡ. ಕೊನೆಯಲ್ಲಿ ‘ಎನ್‌ಕ್ವೈರಿ’ ಪಟ್ಟಿ ಇದೆ: ನಿಮ್ಮ ಹೆಸರಿನಲ್ಲಿ ಸಾಲ ಕೇಳಿ ಬಂದಾಗ ವರದಿ ತೆರೆದು ನೋಡಿದವರು ಯಾರು, ಯಾವ ದಿನ ಎಂಬುದು. ಕಳ್ಳನ ಹೆಜ್ಜೆ ಸಿಗುವುದು ಹೆಚ್ಚಾಗಿ ಈ ಪಟ್ಟಿಯಲ್ಲೇ. ತಪ್ಪು ತಿದ್ದುವ ತನಕ ಬೇರೆ ಬೇರೆ ಬ್ಯಾಂಕಿಗೆ ಅರ್ಜಿ ಹಾಕುತ್ತಾ ಹೋಗಬೇಡಿ, ಅವೂ ಇದೇ ಪಟ್ಟಿಗೆ ಸೇರುತ್ತವೆ.

ಕಳವೋ, ಹೆಸರಿನ ಗೊಂದಲವೋ?

ನಿಮ್ಮೂರಲ್ಲಿ ಒಂದೇ ಹೆಸರಿನವರು ಮೂವರಿದ್ದಾರೆ ಎಂದಿರಲ್ಲ, ಅದು ಮುಖ್ಯ. ಮಲೆ ಮಹದೇಶ್ವರನ ಸೀಮೆಯಲ್ಲಿ ಒಂದೇ ಬೀದಿಗೆ ಎರಡು ಮೂರು ಜನ ಮಹದೇವಮ್ಮಂದಿರು ಇರುವುದು ಹೊಸದಲ್ಲ. ಗಂಡನ ಹೆಸರೂ ಹೊಂದಿಕೊಳ್ಳಬಹುದು. ಹುಟ್ಟಿದ ದಿನ ಗೊತ್ತಿಲ್ಲದವರ ಆಧಾರ್‌ನಲ್ಲಿ ಜನವರಿ 1 ಎಂದೇ ಇರುವುದುಂಟು. ಊರು, ಪಿನ್‌ಕೋಡ್ ಹೇಗೂ ಒಂದೇ. ಹೀಗಾದಾಗ ಒಬ್ಬರ ಸಾಲ ಇನ್ನೊಬ್ಬರ ವರದಿಗೆ ಬಂದು ಕೂರಬಹುದು. ಗುಂಪಿನ ಸಾಲದ ವಿಷಯದಲ್ಲಿ ಈ ಅನುಮಾನವನ್ನೇ ಮೊದಲು ಪರಿಹರಿಸಿಕೊಳ್ಳಿ. ಪಕ್ಕದ ಬೀದಿಯವಳ ಮೇಲೆ ಕಳ್ಳತನದ ಆರೋಪ ಹೊರಿಸುವ ಮುಂಚೆ ಆ ಸಂಸ್ಥೆಯ ಶಾಖೆಗೆ ಹೋಗಿ ಸಾಲದ ಕಡತದಲ್ಲಿರುವ ಫೋಟೊ ತೋರಿಸಲು ಹೇಳಿ.

ಗುರುತು ಕಳವು ಬೇರೆ. ನಿಮ್ಮ ದಾಖಲೆ ಹಿಡಿದು ನೀವೇ ಎಂದು ನಟಿಸಿ ಸಾಲ ಎತ್ತುವುದು ಅಪರಾಧ. ದಾಖಲೆ ಸೋರಲು ನೀವು ಕೊಟ್ಟ ಜೆರಾಕ್ಸೇ ಕಾರಣವಾಗಿರಬೇಕೆಂದೂ ಇಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲೇ ನೋಂದಣಿ ಇಲಾಖೆಯ ಕ್ರಯಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ನಕಲು ಮಾಡಿ, ಬೆರಳೊತ್ತಿ ಹಣ ತೆಗೆಯುವ ವ್ಯವಸ್ಥೆಯ ಮೂಲಕ ಜನರ ಖಾತೆಯಿಂದ ದುಡ್ಡು ಎಳೆದರು. ಮಂಗಳೂರು, ಬೆಂಗಳೂರು ಪೊಲೀಸರು ಬಿಹಾರದವರನ್ನು ಬಂಧಿಸಿದರು. ಓದಿದವರು, ನಗರದವರು ಕೂಡ ಅದರಲ್ಲಿ ಹಣ ಕಳೆದುಕೊಂಡರು. ಆದ್ದರಿಂದ ‘ನನ್ನ ದಡ್ಡತನ’ ಎಂದು ನಿಮ್ಮನ್ನೇ ಹಳಿದುಕೊಳ್ಳಬೇಡಿ.

ಮೂರನೆಯ ಸಾಧ್ಯತೆಯನ್ನೂ ಹೇಳಲೇಬೇಕು. ‘ನಿನ್ನ ಹೆಸರಲ್ಲಿ ಎತ್ತಿಕೊಡು, ಕಂತು ನಾನು ಕಟ್ಟುತ್ತೇನೆ’ ಎಂದು ಯಾರಾದರೂ ಕೇಳಿ, ನೀವು ಫೋಟೊಗೆ ನಿಂತು ಹೆಬ್ಬೆಟ್ಟು ಒತ್ತಿದ್ದುಂಟೇ? ಹಾಗಿದ್ದರೆ ಹಣ ಯಾರು ಖರ್ಚು ಮಾಡಿದ್ದರೂ ಸಂಸ್ಥೆಯ ಲೆಕ್ಕದಲ್ಲಿ ಸಾಲಗಾರರು ನೀವೇ. ಆಗ ದಾರಿ ಬೇರೆ. ವಕೀಲರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪೊಲೀಸರಿಗೆ ಸುಳ್ಳು ದೂರು ಬರೆದುಕೊಡಬೇಡಿ.

ಕೇಳಬೇಕಾದ ಪ್ರಶ್ನೆ: ದುಡ್ಡು ಯಾರ ಖಾತೆಗೆ ಹೋಯಿತು?

ಆ್ಯಪ್ ಸಾಲವೂ ಸಾಲಗಾರರ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಹಾಗಾಗಿ ನಿಮ್ಮ ಪಾಸ್‌ಬುಕ್ಕೇ ನಿಮ್ಮ ಸಾಕ್ಷಿ. ಸಾಲ ತೆರೆದ ತಿಂಗಳ ಎಂಟ್ರಿ ಹಾಕಿಸಿ ಇಟ್ಟುಕೊಳ್ಳಿ. ನಂತರ ಎರಡೂ ಸಂಸ್ಥೆಗಳಿಗೆ ಬೇರೆ ಬೇರೆಯಾಗಿ ಬಿಳಿ ಹಾಳೆಯ ಮೇಲೆ ಹೀಗೆ ಬರೆಯಿರಿ:

‘ನನ್ನ ಹೆಸರಿನಲ್ಲಿ ತೋರಿಸಿರುವ ಈ ಖಾತೆ ಸಂಖ್ಯೆಯ ಸಾಲವನ್ನು ನಾನು ಪಡೆದಿಲ್ಲ. ಅರ್ಜಿ, ಸಹಿ ಅಥವಾ ಹೆಬ್ಬೆಟ್ಟು, ಫೋಟೊ, ಗುರುತಿನ ದಾಖಲೆ, ಓಟಿಪಿ ಕಳಿಸಿದ ಮೊಬೈಲ್ ಸಂಖ್ಯೆ, ಹಣ ಜಮೆಯಾದ ಖಾತೆಯ ವಿವರ – ಇವುಗಳ ಪ್ರತಿ ಕೊಡಿ. ತನಿಖೆ ಮುಗಿಯುವವರೆಗೆ ವಸೂಲಿ ನಿಲ್ಲಿಸಿ. ಸಾಲ ನನ್ನದಲ್ಲವೆಂದು ಕ್ರೆಡಿಟ್ ವರದಿಯಿಂದ ತೆಗೆಸಿ.’

ಶಾಖೆಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅಂಚೆಯಾದರೆ ರಿಜಿಸ್ಟರ್ಡ್ ಮಾಡಿ ರಸೀದಿ ಜೋಪಾನ ಮಾಡಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ಹೇಳಿದ್ದಕ್ಕೆ ಗುರುತೇ ಉಳಿಯುವುದಿಲ್ಲ. ವರದಿ ಇಡುವ ಕಂಪನಿಯ ವೆಬ್‌ಸೈಟಿನಲ್ಲೂ ‘ಡಿಸ್ಪ್ಯೂಟ್’ ದಾಖಲಿಸಿ ಅದರ ಸಂಖ್ಯೆ ಬರೆದಿಡಿ.

ದೂರು ಕೊಟ್ಟ ದಿನಾಂಕದಿಂದ 30 ದಿನದೊಳಗೆ ಅದು ಬಗೆಹರಿಯಬೇಕು. ಸಾಲ ಕೊಟ್ಟವರಿಗೆ ಅದರಲ್ಲಿ 21 ದಿನ, ಉಳಿದದ್ದು ವರದಿ ಕಂಪನಿಗೆ. ಬಗೆಹರಿಯದಿದ್ದರೆ ತಡವಾದ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ತಿದ್ದುವುದಿಲ್ಲ ಎಂದರೆ ಕಾರಣ ತಿಳಿಸಬೇಕು. 30 ದಿನ ಕಳೆದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಎಂದಾದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ಅದಕ್ಕೂ ಖರ್ಚಿಲ್ಲ, ವಕೀಲರೂ ಬೇಕಿಲ್ಲ. ವಿವರಕ್ಕೆ 14448ಕ್ಕೆ ಫೋನ್ ಮಾಡಬಹುದು.

ಪೊಲೀಸ್ ದೂರು

ಆ್ಯಪ್ ಸಾಲ ನಿಮ್ಮದಲ್ಲವೆಂದು ಖಚಿತವಾದ ಮೇಲೆ ಕಾಯಬೇಡಿ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೇ ಇಂಥ ಅಪರಾಧ ನೋಡಿಕೊಳ್ಳುವ ಚಾಮರಾಜನಗರದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ಇನ್ನೊಬ್ಬರ ಗುರುತನ್ನು ಮೋಸದಿಂದ ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ದೂರಿನ ಪ್ರತಿಯನ್ನು ಸಾಲ ಕೊಟ್ಟ ಕಂಪನಿಗೂ ಕಳಿಸಿ, ಆಗ ಅವರು ಹಗುರಾಗಿ ತೆಗೆದುಕೊಳ್ಳಲಾರರು. ಸಬ್ಸಿಡಿ ಅಂದವರ ಹೆಸರನ್ನು ನಡೆದ ಸಂಗತಿಯಾಗಿ ಬರೆಯಿರಿ. ಅವರೇ ಮಾಡಿದರು ಎಂಬ ತೀರ್ಮಾನ ತನಿಖೆಗೆ ಬಿಡಿ.

ಮುಂದಕ್ಕೂ ಎಚ್ಚರ ಬೇಕು. ಆಧಾರ್ ಪ್ರತಿ ಕೊಡುವಾಗ ಮೊದಲ ಎಂಟು ಅಂಕಿ ಮರೆಮಾಡಿದ ‘ಮಾಸ್ಕ್ಡ್’ ಪ್ರತಿಯನ್ನೇ ಕೊಡಿ. ಅದರ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಎಂದು ಬರೆದು ಸಹಿ ಹಾಕಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಸರ್ಕಾರದ ‘ಸಂಚಾರ ಸಾಥಿ’ ವೆಬ್‌ಸೈಟಿನಲ್ಲಿ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಿ. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವೂ ಇದೆ. ಆದರೆ ಬೀಗ ಹಾಕಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಹಿಡಿಯುವುದಿಲ್ಲ. ರೇಷನ್ ತರುವ ದಿನ ಬೀಗ ತೆಗೆದು ಮತ್ತೆ ಹಾಕಲು ಮನೆಯಲ್ಲಿ ಒಬ್ಬರು ಕಲಿತಿರಬೇಕು.

ಮನೆಯವರಿಗೆ

ಯಜಮಾನರ ಕೋಪಕ್ಕೆ ಆಣೆ ಪ್ರಮಾಣದಿಂದ ಉತ್ತರ ಕೊಡಲು ಹೋಗಬೇಡಿ. ವರದಿ, ಪಾಸ್‌ಬುಕ್, ದೂರಿನ ಪ್ರತಿ ಮೂರನ್ನೂ ಮುಂದಿಟ್ಟು, ‘ಠಾಣೆಗೆ ನನ್ನ ಜೊತೆ ಬನ್ನಿ’ ಎಂದು ಕರೆಯಿರಿ. ನಿಮ್ಮ ಯಜಮಾನರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ಅಣ್ಣ, ನಿಮ್ಮ ಮನೆಯವರಿಗೆ ಮೋಸ ಆಗಿರುವ ಹಾಗೆ ಕಾಣುತ್ತದೆ. ಮೋಸ ಹೋದವರನ್ನೇ ಮನೆಯಲ್ಲಿ ವಿಚಾರಣೆಗೆ ನಿಲ್ಲಿಸಿದರೆ ಅವರು ಮುಂದೆ ಏನನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಮೋಸಗಾರರಿಗೆ ಬೇಕಾಗಿರುವುದೂ ಅದೇ ಮೌನ.

ಬರೆಯಲು, ಓಡಾಡಲು ಆಸರೆ ಬೇಕೆನ್ನಿಸಿದರೆ ಗುಂಡ್ಲುಪೇಟೆಯ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಿದ್ದುಪಡಿ ಆಯಿತೆಂದು ಪತ್ರ ಬಂದ ಮೇಲೆ ನಾಲ್ಕೂ ಕಡೆಯ ಹೊಸ ವರದಿ ತೆಗೆದು ನೋಡಿ, ಆ ಪತ್ರದ ಸಮೇತ ಅದೇ ಮ್ಯಾನೇಜರ ಬಳಿ ಹೋಗಿ ಹಸುವಿನ ಸಾಲಕ್ಕೆ ಮತ್ತೆ ಅರ್ಜಿ ಕೊಡಿ. ತಿಂಗಳು ಎರಡು ತಿಂಗಳು ಹಿಡಿಯಬಹುದು, ಬಿಡಬೇಡಿ. ಈ ವಾರವೇ ವರದಿ ತೆಗೆಸಿ, ಮೊದಲ ಪತ್ರ ಬರೆಯಿರಿ.