ಏರಿ ಮೇಲೆ ವಾಕಿಂಗ್, ಏರಿ ಒಳಗೆ ನೀರು

ಕಳೆದ ನವೆಂಬರಿನ ಒಂದು ಭಾನುವಾರ. ನಾವು ಐದು ಜನ, ಮೂರು ಬೈಕು, ಬಬಲೇಶ್ವರ ಕಡೆಯ ಒಂದು ಹಳ್ಳಿಯ ಕೆರೆ. ಕೆರೆಯ ಹೆಸರು ಇಲ್ಲಿ ಬೇಡ. ನೀರು ದಂಡೆಗುಂಟ ತುಂಬಿ ನಿಂತಿತ್ತು. ಬರದ ಜಿಲ್ಲೆಯ ಹುಡುಗರಿಗೆ ತುಂಬಿದ ಕೆರೆ ಕಂಡರೆ ಸಾಕು, ಸುಮ್ಮನಿರೋದು ಕಷ್ಟ. ನಮ್ಮಲ್ಲೊಬ್ಬ ಅಂಗಿ ಕಳಚಿ ಧುಮುಕಿದ. ನೀರಿನ ನಡುವೆ ನಿಂತಿದ್ದ ತೂಬಿನ ಕಲ್ಲುಕಂಬದ ಕಡೆಗೆ ಈಜತೊಡಗಿದ. ಏರಿ ಮೇಲೆ ಆಡು ಮೇಯಿಸುತ್ತಿದ್ದ ಅಜ್ಜ ಒಬ್ಬರು ಕೂಗಿದರು:

"ಏ ತಮ್ಮಾ, ಆ ಕಂಬದ ಕಡೆ ಹೋಗಬ್ಯಾಡ! ತೂಬು ತೆಗದಾರ!"

ಇವನಿಗೆ ಕೇಳಿಸಲಿಲ್ಲ. ಕಂಬ ಮುಟ್ಟಿದ ಮೇಲೆ ಕಾಲು ಕೆಳಗೆ ಬಿಟ್ಟಿದ್ದಾನೆ, ಯಾರೋ ಪಾದ ಹಿಡಿದು ಜಗ್ಗಿದ ಹಾಗಾಗಿದೆ. ಎರಡೂ ಕೈಯಿಂದ ಕಂಬ ತಬ್ಬಿಕೊಂಡಿದ್ದಕ್ಕೆ ಉಳಿದ. ದಂಡೆಗೆ ಬಂದ ಮೇಲೆ ಅರ್ಧ ಗಂಟೆ ಒಂದು ಮಾತೂ ಆಡಲಿಲ್ಲ.

ಆಮೇಲೆ ಹಾಸ್ಟೆಲ್ಲಿನಲ್ಲಿ ಕೂತು ಲೆಕ್ಕ ಹಾಕಿದೆವು. ತೂಬಿನ ಕಿಂಡಿ 30 ಸೆಂಟಿಮೀಟರ್ ವ್ಯಾಸದ್ದು, ಅದರ ಮೇಲೆ 3 ಮೀಟರ್ ನೀರು ಅಂತ ಹಿಡಿಯೋಣ. ಒತ್ತಡ 3 × 9.81, ಅಂದರೆ ಸುಮಾರು 29.4 ಕಿಲೋಪಾಸ್ಕಲ್. ಕಿಂಡಿಯ ವಿಸ್ತೀರ್ಣ 0.0707 ಚದರ ಮೀಟರ್. ಗುಣಿಸಿದರೆ 2.08 ಕಿಲೋನ್ಯೂಟನ್. ಮೈ ಆ ಕಿಂಡಿಗೆ ಪೂರ್ತಿ ಅಂಟಿಕೊಂಡರೆ ಬಿಡಿಸಿಕೊಳ್ಳಲು ಇನ್ನೂರು ಕಿಲೋಗೂ ಹೆಚ್ಚಿನ ತೂಕ ಎತ್ತುವಷ್ಟು ಬಲ ಬೇಕು. ಜಿಮ್‌ಗೆ ಹೋಗುವವನಾದರೂ ನೀರೊಳಗೆ, ಉಸಿರು ಕಟ್ಟಿಕೊಂಡು, ಇದು ಆಗೋ ಮಾತಲ್ಲ. ಮೇಲಿಂದ ನೋಡಿದರೆ ನೀರು ಕನ್ನಡಿ ಹಾಗೆ ನಿಂತಿರುತ್ತದೆ, ಮೋಸ ಇರೋದು ಅಲ್ಲೇ. ತೂಬು ತೆಗೆದಿದೆಯೋ ಇಲ್ಲವೋ ಅಂತ ತಿಳಿಯಬೇಕಾದರೆ ಏರಿಯ ಆ ಬದಿಗೆ ಇಳಿದು ಕಾಲುವೆಯಲ್ಲಿ ನೀರು ಹರಿಯುತ್ತಿದೆಯಾ ನೋಡಬೇಕು.

ಅಜ್ಜ ಅವತ್ತು ನಮ್ಮನ್ನು ಆ ಬದಿಗೇ ಕರೆದುಕೊಂಡು ಹೋದರು. "ಬರ್ರಿ, ಇಂಜಿನಿಯರ್ ಆಗವ್ರು ಅಂತೀರಿ, ನಿಮಗೊಂದು ತೋರಸ್ತೀನಿ." ಏರಿಯ ಬುಡದಲ್ಲಿ, ತೂಬಿನ ಪೈಪು ಹೊರಬರುವ ಜಾಗದಿಂದ ಹತ್ತು ಹೆಜ್ಜೆ ಆಚೆ, ಸುತ್ತಲೂ ಒಣ ಹುಲ್ಲು. ನಡುವೆ ಒಂದು ತುಣುಕು ಮಾತ್ರ ಹಸಿರು. ಕಾಲಿಟ್ಟರೆ ಪಚಪಚ. ಸಣ್ಣ ಒಸರು ನೀರು ತಗ್ಗಿಗೆ ಇಳಿಯುತ್ತಿತ್ತು. "ಇದು ಒಡಿತದೇನ್ರಿ?" ಅಂತ ಅಜ್ಜ ಕೇಳಿದರು. ಐದು ಜನರಲ್ಲಿ ಮೂವರು ಸಿವಿಲ್. ಜಿಯೋಟೆಕ್ನಿಕಲ್ ಪೇಪರಿನಲ್ಲಿ ಫ್ಲೋ ನೆಟ್ ಬಿಡಿಸಿ ಮಾರ್ಕ್ಸ್ ತಗೊಂಡವರು. ಒಬ್ಬರ ಬಾಯಿಂದಲೂ ಉತ್ತರ ಬರಲಿಲ್ಲ.

ಮಣ್ಣಿನ ಏರಿ ಸೋರುವುದೇ ತಪ್ಪಲ್ಲ, ಮೊದಲು ಇದು ಗೊತ್ತಿರಬೇಕು. ಪ್ರತಿಯೊಂದು ಮಣ್ಣಿನ ಅಣೆಕಟ್ಟಿನ ಒಳಗೂ ನೀರು ನಿಧಾನವಾಗಿ ದಾಟುತ್ತಲೇ ಇರುತ್ತದೆ. ಪ್ರಶ್ನೆ ಇರೋದು ಆ ನೀರು ತನ್ನ ಜೊತೆ ಮಣ್ಣಿನ ಕಣಗಳನ್ನೂ ಹೊತ್ತು ತರುತ್ತಿದೆಯಾ ಅನ್ನೋದು. ಕ್ಲಾಸಿನ ಸೂತ್ರ ನೆನಪಿದೆಯಲ್ಲ: ಕ್ರಿಟಿಕಲ್ ಗ್ರೇಡಿಯೆಂಟ್ ಅಂದರೆ ಸ್ಪೆಸಿಫಿಕ್ ಗ್ರಾವಿಟಿಯಿಂದ ಒಂದು ಕಳೆದು, ಒಂದು ಪ್ಲಸ್ ವಾಯ್ಡ್ ರೇಶಿಯೋದಿಂದ ಭಾಗಿಸಿದ್ದು. 2.67 ಮತ್ತು 0.67 ಹಾಕಿದರೆ ಉತ್ತರ ಸರಿಯಾಗಿ 1. ಈಗ 6 ಮೀಟರ್ ನೀರು ನಿಂತ ಏರಿ, ನೀರು ದಾಟುವ ದಾರಿ 24 ಮೀಟರ್ ಅಂದುಕೊಳ್ಳಿ. ಸರಾಸರಿ ಗ್ರೇಡಿಯೆಂಟ್ 0.25, ನೆಮ್ಮದಿ. ಆದರೆ ಒಂದು ಇಲಿ ಬಿಲ ಅಥವಾ ಸತ್ತ ಜಾಲಿ ಮರದ ಕೊಳೆತ ಬೇರು ಆ 24ರಲ್ಲಿ 18 ಮೀಟರನ್ನು ತಿಂದು ಹಾಕಿದರೆ? ಉಳಿದದ್ದು 6 ಮೀಟರ್, ಗ್ರೇಡಿಯೆಂಟ್ 1. ನೀರಿನ ಮಟ್ಟ ಒಂದು ಇಂಚೂ ಏರಿಲ್ಲ, ಆದರೂ ಬುಡದ ಮಣ್ಣು ಕುದಿಯಲು ತಯಾರು. ಕಣ ಹೋದಷ್ಟೂ ದಾರಿ ಚಿಕ್ಕದಾಗುತ್ತದೆ, ದಾರಿ ಚಿಕ್ಕದಾದಷ್ಟೂ ಕಣ ಜಾಸ್ತಿ ಹೋಗುತ್ತದೆ. ಇದಕ್ಕೇ ಪೈಪಿಂಗ್ ಅನ್ನೋದು. ಅದು ಹೊರಗಿನಿಂದ ಒಳಕ್ಕೆ ಹಿಂದುಮುಂದಾಗಿ ಬೆಳೆಯುತ್ತದೆ, ಹಾಗಾಗಿ ಕೊನೆಯವರೆಗೂ ಏರಿಯ ತಲೆ ಮೇಲೆ ವಾಕಿಂಗ್ ಮಾಡುವವರಿಗೆ ಏನೂ ಕಾಣುವುದಿಲ್ಲ.

ತಿಳಿ ನೀರು ಒಸರುತ್ತಿದ್ದರೆ ಗುರುತು ಹಾಕಿ ಕಾಯಬಹುದು. ಕೆಂಪಗೋ ಕಪ್ಪಗೋ ಕದಡಿದ ನೀರು ಬಂದರೆ ಕಾಯುವ ಮಾತೇ ಇಲ್ಲ. ಫೋಟೋ ಆಮೇಲೆ. ಮೊದಲು 112ಕ್ಕೆ ಫೋನ್, ಪಂಚಾಯ್ತಿಗೆ ಸುದ್ದಿ, ಏರಿ ಕೆಳಗಿನ ಮನೆಯವರಿಗೆ ಕೂಗು.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ, ಪಠ್ಯಪುಸ್ತಕದಲ್ಲಿ ಇದು ಸಿಗಲ್ಲ. ಇಲ್ಲಿನ ಹಳೇ ಕೆರೆಗಳು ವರ್ಷಗಟ್ಟಲೆ ಒಣಗಿ ಬಿದ್ದಿದ್ದವು. ಒಣಗಿದ ಎರೆಮಣ್ಣು ಹೇಗೆ ಸೀಳುತ್ತದೆ ಅಂತ ಬೇಸಿಗೆಯಲ್ಲಿ ತಿಕೋಟಾ ರಸ್ತೆಯ ಹೊಲ ನೋಡಿದವರಿಗೆ ಹೇಳಬೇಕಿಲ್ಲ, ಕೈ ಒಳಗೆ ಹೋಗುವಂಥ ಬಿರುಕು. ಏರಿಯಲ್ಲಿ ಎರೆ ಇದ್ದರೆ ಅದೂ ಹಾಗೇ ಸೀಳುತ್ತದೆ. ಈಗ ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂತು, ಕೆರೆ ತುಂಬಿದವು, ಬಾವಿಗಳಿಗೆ ಜೀವ ಬಂತು. ಇದು ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಏರಿಯ ದೃಷ್ಟಿಯಿಂದ ನೋಡಿ: ಅಪರೂಪಕ್ಕೆ ತುಂಬಿ, ಬೇಗ ಇಳಿಯುತ್ತಿದ್ದ ನೀರು ಈಗ ತಿಂಗಳುಗಟ್ಟಲೆ ಮೇಲ್ಮಟ್ಟದಲ್ಲಿ ನಿಲ್ಲುತ್ತದೆ. ಬಹಳ ದಿನ ಒಣಗಿದ್ದ ಹಳೇ ಏರಿಗೆ ಇದು ಹೆಚ್ಚುಕಡಿಮೆ ಮೊದಲ ಸಲ ತುಂಬಿದ ಹಾಗೆ. ಮೊದಲ ತುಂಬುವಿಕೆ ಮಣ್ಣಿನ ಅಣೆಕಟ್ಟಿನ ಅತಿ ಅಪಾಯದ ಕಾಲ. ಅಮೆರಿಕದ ಟೀಟನ್ ಅಣೆಕಟ್ಟು 1976ರ ಜೂನ್ 5ರಂದು ಒಡೆದದ್ದು ಮೊದಲ ಸಲ ತುಂಬುವಾಗಲೇ. ಪುಣೆಯ ಮೇಲ್ಭಾಗದ ಪಾನ್‌ಶೆತ್ 1961ರ ಜುಲೈ 12ರಂದು ಕೊಚ್ಚಿಹೋದದ್ದೂ ಹಾಗೇ. ಅಲ್ಲಿ ಏರಿ ಕುಸಿಯಲು ಶುರುವಾದದ್ದು ನೀರು ಬಿಡುವ ಕೊಳವೆಯ ಮೇಲಿನ ಭಾಗದಲ್ಲಿ. ಅಜ್ಜ ತೋರಿಸಿದ ಒಸರೂ ತೂಬಿನ ಪೈಪಿನ ಹತ್ತಿರವೇ ಇತ್ತು ಅನ್ನೋದನ್ನು ನೆನಪಿಡಿ. ಗಟ್ಟಿ ಪೈಪು, ಮೆತ್ತನೆ ಮಣ್ಣು, ನಡುವೆ ದಮ್ಮಸು ಸರಿಯಾಗಿ ಬೀಳದ ಸಂದು. ನೀರಿಗೆ ಅಷ್ಟು ಸಾಕು.

ಹಳೆಯದು ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲೂ ಅಲ್ಲ. ಬಬಲೇಶ್ವರ ತಾಲೂಕಿನ ಮಮದಾಪುರದ ದೊಡ್ಡ ಕೆರೆ ಮುಹಮ್ಮದ್ ಆದಿಲ್ ಶಾಹನ ಕಾಲದ್ದು, ಇಂದಿಗೂ ನೀರು ಹಿಡಿಯುತ್ತದೆ. ನಗರದ ಬೇಗಂ ತಲಾಬ್ 1651ರದ್ದು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಹೋಗುತ್ತಿತ್ತು. ಒತ್ತಡಕ್ಕೆ ಕೊಳವೆ ಸಿಡಿಯದಿರಲಿ ಅಂತ ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರ ಕಟ್ಟಿದ್ದರು. ಕೆಸರು ಅವುಗಳ ತಳದಲ್ಲಿ ನಿಲ್ಲುತ್ತಿತ್ತು. ನಮ್ಮ ತೊರವಿಯಲ್ಲಂತೂ ಏರಿ ಬಿಟ್ಟು ಬೇರೆಯೇ ದಾರಿ ಹಿಡಿದರು. ನೆಲದಡಿ ಸುರಂಗ ಕೊರೆದು, ಮೇಲಿಂದ ಸಾಲಾಗಿ ಬಾವಿ ಇಳಿಸಿ, ಅಂತರ್ಜಲವನ್ನೇ ಇಳಿಜಾರಿನಲ್ಲಿ ನಗರಕ್ಕೆ ಹರಿಸಿದರು. ಅದೇ ಕರೇಜ್, ಸುರಂಗ ಬಾವಡಿ. ಒಡೆಯೋಕೆ ಅಲ್ಲಿ ಕಟ್ಟೆಯೇ ಇಲ್ಲ! ದಖ್ಖನದ ಈ ಹಳೇ ನೀರಿನ ವ್ಯವಸ್ಥೆಗಳು 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಯಲ್ಲಿ ಸೇರಿದವು. ಇನ್ನೊಂದು ತುದಿಯಲ್ಲಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು. ಇಪ್ಪತ್ತು ವರ್ಷವೂ ತುಂಬದ ಮಣ್ಣಿನ ಕಟ್ಟೆ, 2019ರ ಜುಲೈ 2ರ ರಾತ್ರಿ ಒಡೆದು ಕೆಳಗಿನ ಮನೆಗಳನ್ನು ಜನರ ಸಮೇತ ಕೊಚ್ಚಿಕೊಂಡು ಹೋಯಿತು. ಸೋರುತ್ತಿದೆ ಅಂತ ಊರವರು ಮೊದಲೇ ದೂರಿದ್ದರು. ಏಡಿಗಳು ಕೊರೆದವು ಅಂತ ಸಚಿವರೊಬ್ಬರು ಹೇಳಿ ಬೈಸಿಕೊಂಡರು. ಬಿಲ ಕೊರೆಯುವ ಪ್ರಾಣಿಗಳಿಂದ ಏರಿಗೆ ಅಪಾಯ ಅನ್ನೋದು ಸುಳ್ಳಲ್ಲ. ಬಿಲ ಮುಚ್ಚಬೇಕಾದದ್ದು ಏಡಿಯ ಕೆಲಸ ಅಲ್ಲ, ಅಷ್ಟೇ.

ಇನ್ನು ಪಿಕ್‌ನಿಕ್ ವಿಷಯ. ಭೂತನಾಳ ಕೆರೆಗೆ, ಬೇಗಂ ತಲಾಬಿಗೆ ಸಂಜೆ ಜನ ಹೋಗುವುದು ಒಳ್ಳೆಯದೇ ಅಂತ ನನ್ನ ವಾದ. ಜನ ಓಡಾಡದ ಏರಿಯಲ್ಲಿ ಬಳ್ಳಾರಿ ಜಾಲಿ ಓಡಾಡುತ್ತದೆ. ಆದರೆ ಎಲ್ಲಿಯೇ ಆಗಲಿ, ಚೆಂದ ಮಾಡುವ ಉತ್ಸಾಹದಲ್ಲಿ ಏರಿಯ ಕೆಲಸ ಮರೆಯಬಾರದು. ಇಳಿಜಾರಿನ ಮೇಲೆ ನೆರಳಿನ ಮರ ನೆಟ್ಟರೆ ಇಪ್ಪತ್ತು ವರ್ಷದ ನಂತರ ಬೇರು ಕೊಳೆತು ಕೊಳವೆಯಾಗುತ್ತದೆ. ಅಲ್ಲಿ ಬೇಕಿರೋದು ಗಿಡ್ಡ ಹುಲ್ಲು. ಲೈಟಿನ ಕೇಬಲ್ಲಿಗೆ ಏರಿಯ ತಲೆಯುದ್ದಕ್ಕೂ ಕಾಲುವೆ ತೋಡಿದರೆ ಮಳೆನೀರಿಗೆ ಒಳಗೆ ಬಾ ಅಂದ ಹಾಗೆ. ಬುಡಕ್ಕೆ ಟೈಲ್ಸ್ ಹಾಕಿದರೆ ಒಸರು ಕಾಣುವ ಜಾಗವೇ ಮುಚ್ಚಿಹೋಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಕೋಡಿಗೆ ಅಡ್ಡ ಹಾಕುವುದು. ಮೀನು ಹೋಗದಿರಲಿ ಅಂತ ಬಲೆ, ಇನ್ನೊಂದು ಅಡಿ ನೀರು ನಿಲ್ಲಲಿ ಅಂತ ಮರಳಿನ ಚೀಲ. ಬಲೆಗೆ ಕಸ ಸಿಕ್ಕಿಕೊಂಡರೆ ಅದೂ ಗೋಡೆಯೇ. ಏರಿಗೂ ಕೋಡಿಗೂ ನಡುವಿನ ಎತ್ತರದ ವ್ಯತ್ಯಾಸವನ್ನು ಸುಮ್ಮನೆ ಬಿಟ್ಟಿರುವುದಿಲ್ಲ, ಅದು ಒಂದು ರಾತ್ರಿಯ ದೊಡ್ಡ ಮಳೆಗಾಗಿ ಇಟ್ಟ ಜಾಗ. ನೀರು ಏರಿ ಹತ್ತಿ ಹರಿಯಿತೋ, ಮಣ್ಣು ಗಂಟೆಗಳ ಲೆಕ್ಕದಲ್ಲಿ ಕರಗುತ್ತದೆ. 1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿಯನ್ನು ಮುಳುಗಿಸಿದ ಮಚ್ಛು-2 ಹೀಗೆಯೇ ಹೋಯಿತು.

ಕಾನೂನು ಇಲ್ಲವೇ ಅಂದರೆ ಇದೆ, 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ. ಆದರೆ ಅದು 15 ಮೀಟರ್ ಮೀರಿದವಕ್ಕೆ. 10ರಿಂದ 15 ಮೀಟರಿನವು ಉದ್ದ, ಸಂಗ್ರಹ ಮುಂತಾದ ಷರತ್ತುಗಳಲ್ಲಿ ಒಂದಾದರೂ ಪೂರೈಸಬೇಕು. ಆರೆಂಟು ಮೀಟರಿನ ಹಳ್ಳಿ ಕೆರೆ ಅದರ ಲೆಕ್ಕಕ್ಕೇ ಬರುವುದಿಲ್ಲ. ಅವುಗಳ ಇನ್‌ಸ್ಪೆಕ್ಟರ್ ಅಂದರೆ ಆಡು ಮೇಯಿಸುವ ಅಜ್ಜ, ಸಂಜೆ ಬರುವ ನಾವು.

ಮತ್ತೆ ಆ ಅಜ್ಜನ ಹತ್ತಿರ ಡಿಸೆಂಬರ್ ಮೊದಲ ವಾರ ಹೋದೆವು. ಒಸರಿನ ಬಾಯಿಗೆ ಒಂದು ತುಂಡು ಪಿವಿಸಿ ಪೈಪು ಇಟ್ಟು, ಕೆಳಗೆ 15 ಲೀಟರಿನ ಕೊಡ ಹಿಡಿದು, ಮೊಬೈಲಿನಲ್ಲಿ ಸಮಯ ನೋಡಿದೆವು: 4 ನಿಮಿಷ 10 ಸೆಕೆಂಡು. ಬಿಳಿ ಗಾಜಿನ ಬಾಟಲಿಯಲ್ಲಿ ನೀರು ತುಂಬಿ ರಾತ್ರಿಯಿಡೀ ಇಟ್ಟರೆ ತಳದಲ್ಲಿ ಮಣ್ಣು ಕೂರಲಿಲ್ಲ. ಅವತ್ತಿನ ನೀರಿನ ಮಟ್ಟಕ್ಕೆ ತೂಬಿನ ಕಂಬದ ಎಷ್ಟನೇ ಕಲ್ಲು ಅಂತ ಬರೆದುಕೊಂಡೆವು, ಯಾಕಂದರೆ ಮಟ್ಟ ಇಲ್ಲದ ಅಳತೆಗೆ ಅರ್ಥವಿಲ್ಲ. ಮಾರ್ಚಿನಲ್ಲಿ ನೀರು ಎರಡು ಕಲ್ಲು ಇಳಿದಿತ್ತು, ಕೊಡ ತುಂಬಲು 7 ನಿಮಿಷ ಹತ್ತಿರ ಬೇಕಾಯಿತು. ಮಟ್ಟ ಇಳಿದಾಗ ಒಸರೂ ಇಳಿಯಿತು, ನೀರೂ ತಿಳಿ. ಸದ್ಯಕ್ಕೆ ಒಡೆಯುವ ಲಕ್ಷಣ ಕಾಣ್ತಿಲ್ಲ ಅಂತ ಅಜ್ಜನಿಗೆ ಹೇಳಿದೆವು. ಎರಡೂ ಅಳತೆ, ಫೋಟೋ, ಒಂದು ಪುಟದ ಪತ್ರ ಪಂಚಾಯ್ತಿಗೆ ಕೊಟ್ಟಿದ್ದೇವೆ.

"ಮಟ್ಟ ಅದೇ ಇದ್ದು ಕೊಡ ಲಗೂನ ತುಂಬಿದರ?" ಅಂತ ಅಜ್ಜ ಕೇಳಿದರು. ಸರಿಯಾದ ಪ್ರಶ್ನೆ ಅದೇ. ಹಾಗಾದ ದಿನ ನಮಗೆ ಫೋನ್ ಮಾಡಿ ಅಂತ ನಂಬರ್ ಕೊಟ್ಟು ಬಂದೆವು. ಬೇಸಿಗೆಯಲ್ಲಿ ಏರಿ ಒಣಗಿ ಸೀಳಿರುತ್ತದೆ, ಮಳೆಗಾಲದಲ್ಲಿ ಮತ್ತೆ ತುಂಬುತ್ತದೆ. ಅದಕ್ಕೇ ಆಗಸ್ಟಿನ ಅಳತೆ ಮುಖ್ಯ. ಬರುವವರು ಸಿವಿಲ್ ಬ್ರಾಂಚಿನವರೇ ಆಗಬೇಕಂತಿಲ್ಲ. ಕೊಡ ಅಜ್ಜನ ಮನೆಯಲ್ಲೇ ಇದೆ.